ಎಣಿಕೆಯ ಎಲೆಗಳು: ಗಂಜೀಫಾ ರಸಿಕರಿಗೊಂದು ಕೈಪಿಡಿ

ಮೈಸೂರಿನ ಗಂಜೀಫಾ ಆಟದ ಎಲೆಗಳನ್ನು ಕುರಿತು ಇಂದು ನಡೆಯುವ ಮಾತೆಲ್ಲ ರಾಜನ ಎಲೆಯಲ್ಲಿ ಆರಂಭವಾಗಿ ರಾಜನ ಎಲೆಯಲ್ಲೇ ಮುಗಿದುಹೋಗುತ್ತದೆ. ಚಿನ್ನದ ರೇಕು ಹಚ್ಚಿದ ಸಿಂಹಾಸನ, ಅದರ ಮೇಲೆ ಕುಳಿತ ದೇವರು, ಪಕ್ಕದಲ್ಲಿ ಚಾಮರ ಬೀಸುವ ಪರಿಚಾರಕರು ಇರುವ ದುಂಡನೆಯ ಎಲೆಯೊಂದನ್ನು ಬಿಡಿಯಾಗಿ ಕೊಂಡು, ಗಾಜಿನ ಚೌಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕಿದವರು ತಮ್ಮನ್ನು ಈ ಕಲೆಯ ರಸಿಕರೆಂದು ಭಾವಿಸಿಕೊಳ್ಳುತ್ತಾರೆ. ಆ ಎಲೆ ಯಾವ ಪಂಗಡಕ್ಕೆ ಸೇರಿದ್ದು, ಅದರ ಕೆಳಗೆ ಬರಬೇಕಾಗಿದ್ದ ಉಳಿದ ಎಲೆಗಳು ಎಲ್ಲಿ ಹೋದವು, ಅವುಗಳಿಲ್ಲದೆ ಇದೊಂದನ್ನು ಎಲೆ ಎಂದು ಕರೆಯಬಹುದೇ ಎಂಬ ಪ್ರಶ್ನೆಗಳು ಅವರಲ್ಲಿ ಏಳುವುದೇ ಇಲ್ಲ. ಈ ಕೈಪಿಡಿಯ ಉದ್ದೇಶ ಅಂಥ ಅಭಿರುಚಿಯನ್ನು ತಿದ್ದುವುದು. ಇದು ವಿಶೇಷವಾಗಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಓದುಗರನ್ನು ಉದ್ದೇಶಿಸಿದ್ದು, ಏಕೆಂದರೆ ಗಂಜೀಫಾ ನೋಡುವ ಕಣ್ಣನ್ನು ಹದಗೊಳಿಸಬಲ್ಲ ಎರಡು ದೇವಾಲಯಗಳು ಅವರ ಮನೆಯ ಸಮೀಪದಲ್ಲೇ ಇವೆ.

ಗಂಜೀಫಾದ ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಬಾಬರನು ತನ್ನ ಆತ್ಮಕಥೆಯಲ್ಲಿ 1527ರಲ್ಲಿ ಸಿಂಧ್ ಪ್ರಾಂತದ ಷಾ ಹುಸೇನನಿಗೆ ಈ ಎಲೆಗಳನ್ನು ಕಳುಹಿಸಿದ ಸಂಗತಿಯನ್ನು ದಾಖಲಿಸಿದ್ದಾನೆ. ಅಕ್ಬರನ ಕಾಲದ ಹನ್ನೆರಡು ಪಂಗಡಗಳ, 144 ಎಲೆಗಳ ಕಟ್ಟನ್ನು ಅಬುಲ್ ಫಜಲ್ ವರ್ಣಿಸಿದ್ದಾನೆ. ಮುಂದೆ ಎಂಟು ಪಂಗಡಗಳ 96 ಎಲೆಗಳ ಮೊಘಲ್ ಕಟ್ಟು ಮತ್ತು ಹತ್ತು ಪಂಗಡಗಳ 120 ಎಲೆಗಳ ದಶಾವತಾರ ಕಟ್ಟು ದೇಶದ ಹಲವೆಡೆ ಬಳಕೆಗೆ ಬಂದವು. ಪಂಗಡವೆಂದರೆ ಒಂದೇ ಗುರುತು ಮತ್ತು ಸಾಮಾನ್ಯವಾಗಿ ಒಂದೇ ಹಿನ್ನೆಲೆಯ ಬಣ್ಣವುಳ್ಳ ಹನ್ನೆರಡು ಎಲೆಗಳ ಸಮೂಹ. ಅದರಲ್ಲಿ ರಾಜ ಮತ್ತು ಮಂತ್ರಿ ಎಂಬ ಎರಡು ಚಿತ್ರದ ಎಲೆಗಳೂ, ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳೂ ಇರುತ್ತವೆ. ಎಣಿಕೆಯ ಎಲೆಯಲ್ಲಿ ದೇವರಿಲ್ಲ, ಸಿಂಹಾಸನವಿಲ್ಲ, ಪಂಗಡದ ಗುರುತು ಮಾತ್ರ ಅಷ್ಟು ಸಲ ಬರೆಯಲ್ಪಟ್ಟಿರುತ್ತದೆ: ಮತ್ಸ್ಯನ ಪಂಗಡದ ಐದರಲ್ಲಿ ಐದು ಮೀನು, ಕೂರ್ಮನ ಪಂಗಡದ ಎಂಟರಲ್ಲಿ ಎಂಟು ಆಮೆ, ಪರಶುರಾಮನ ಪಂಗಡದ ಎರಡರಲ್ಲಿ ಎರಡು ಕೊಡಲಿ. ಕೆಲವು ಅವತಾರಗಳ ಗುರುತು ಊರಿಂದ ಊರಿಗೆ ಬದಲಾಗುವುದುಂಟು.

ಎಲೆಗಳ ಬೆಲೆಯ ವಿಚಾರದಲ್ಲಿ ಹಿಂದಿನವರು ಒಂದು ಸ್ಪಷ್ಟವಾದ ವಿಂಗಡಣೆಯನ್ನು ಮಾಡಿಕೊಂಡಿದ್ದರು. ದಂತ, ಆಮೆಚಿಪ್ಪು, ಮುತ್ತಿನ ಚಿಪ್ಪು ಮುಂತಾದ ದುಬಾರಿ ವಸ್ತುಗಳಿಂದ ಮಾಡಿ ಅರಮನೆಗಳಲ್ಲಿ ಬಳಸುತ್ತಿದ್ದ ಎಲೆಗಳಿಗೆ ದರ್ಬಾರ್ ಕಲಂ ಎಂದೂ, ಮರ, ತಾಳೆಗರಿ, ಅಂಟು ಹಾಕಿ ಗಟ್ಟಿಮಾಡಿದ ಬಟ್ಟೆ ಅಥವಾ ಕಾಗದಗಳಿಂದ ಮಾಡಿ ಜನಸಾಮಾನ್ಯರು ಆಡುತ್ತಿದ್ದ ಎಲೆಗಳಿಗೆ ಬಜಾರ್ ಕಲಂ ಎಂದೂ ಹೆಸರು. ವಸ್ತುಸಂಗ್ರಹಾಲಯಗಳಲ್ಲಿ ಮೊದಲ ಬಗೆಯ ಎಲೆಗಳ ಮುಂದೆ ಜನ ನಿಲ್ಲುತ್ತಾರೆ, ಎರಡನೆಯದನ್ನು ನೋಡಿಯೂ ನೋಡದಂತೆ ಮುಂದೆ ಸಾಗುತ್ತಾರೆ. ಈ ವರ್ತನೆಗೆ ಕಲೆಯ ದೃಷ್ಟಿಯಿಂದ ಯಾವ ಆಧಾರವೂ ಇಲ್ಲ. ದಂತದ ಎಲೆಯನ್ನು ಬರೆದವನು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದಾಗಿತ್ತು, ಏಕೆಂದರೆ ಅವನ ಅನ್ನ ಅರಮನೆಯಿಂದ ಬರುತ್ತಿತ್ತು. ಬಜಾರಿನ ಎಲೆಯನ್ನು ಬರೆದವನು ಒಂದು ಮೀನನ್ನು ಕುಂಚದ ನಾಲ್ಕಾರು ಎಳೆತಗಳಲ್ಲಿ ಮುಗಿಸಬೇಕಾಗಿತ್ತು, ಅಷ್ಟರಲ್ಲೇ ಅದು ಮೀನೆಂದು ತಿಳಿಯಬೇಕಾಗಿತ್ತು. ಎರಡನೆಯ ಕೆಲಸದಲ್ಲಿ ರೇಖೆಗೆ ತಪ್ಪಿಸಿಕೊಳ್ಳುವ ದಾರಿಯಿರುವುದಿಲ್ಲ. ಮೈಸೂರು ಶೈಲಿಯ ಚಿತ್ರಕಲೆಯಲ್ಲಿ ರೇವಲಚಿನ್ನಿಯ ಅಂಟು ಮತ್ತು ಸಫೇದ ಬೆರೆಸಿ ತುಸುವೇ ಉಬ್ಬಿಸಿ, ಅದರ ಮೇಲೆ ತೆಳುವಾದ ಚಿನ್ನದ ರೇಕು ಕೂರಿಸುವ ಕ್ರಮವಿದೆ. ಗೋಡೆಯ ಚಿತ್ರಕ್ಕೆ ಅದು ಶೋಭೆ ತರುವುದು ನಿಜ. ಆದರೆ ಆಡುವ ಎಲೆಗೆ ಉಬ್ಬು ಸಲ್ಲದು, ಏಕೆಂದರೆ ಕಲೆಸುವಾಗ ಎಲೆ ಎಲೆಗೆ ಉಜ್ಜಿ ರೇಕು ಎದ್ದುಹೋಗುವುದಲ್ಲದೆ, ಬೆರಳಿಗೆ ತಗುಲುವ ಉಬ್ಬಿನಿಂದಲೇ ಆಟಗಾರನಿಗೆ ಎಲೆಯ ಗುಟ್ಟು ತಿಳಿದುಬಿಡುತ್ತದೆ. ಹಿಂಬದಿಯನ್ನು ಯಾವ ಗುರುತೂ ಇಲ್ಲದೆ ಒಂದೇ ಬಣ್ಣದಲ್ಲಿ ಅರಗಿನ ಮೆರುಗು ಕೊಟ್ಟು ಬಿಡುವುದಕ್ಕೂ ಇದೇ ಕಾರಣ. ಹೆಬ್ಬೆರಳಿಗೆ ತಗುಲುವಷ್ಟು ಉಬ್ಬಿಸಿ ಚಿನ್ನ ಮೆತ್ತಿದ ಎಲೆಯನ್ನು ಇಂದು ಯಾರಾದರೂ ಹೆಚ್ಚಿನ ಬೆಲೆಗೆ ಮಾರುತ್ತಿದ್ದರೆ ಅದು ಎಲೆಯ ಆಕಾರದ ಗೋಡೆಚಿತ್ರವೆಂದು ರಸಿಕನು ತಿಳಿಯಬೇಕು.

ಇನ್ನು ಈ ಕೈಪಿಡಿಯ ಮುಖ್ಯ ವಿಷಯವಾದ ಎಣಿಕೆಯ ಎಲೆಗಳಿಗೆ ಬರಬಹುದು. ದಶಾವತಾರ ಕಟ್ಟಿನ 120 ಎಲೆಗಳಲ್ಲಿ ಚಿತ್ರದ ಎಲೆಗಳು 20, ಎಣಿಕೆಯ ಎಲೆಗಳು 100. ಒಂದು ಪಂಗಡದ ಹತ್ತು ಎಣಿಕೆಯ ಎಲೆಗಳಲ್ಲಿ ಒಟ್ಟು 55 ಗುರುತುಗಳನ್ನು ಬರೆಯಬೇಕಾಗುತ್ತದೆ. ಇಡೀ ಕಟ್ಟಿಗೆ 550. ಹತ್ತು ರಾಜರನ್ನು ಚೆನ್ನಾಗಿ ಬರೆದ ಕಲಾವಿದನ ಕೈ ಐವತ್ತೈದನೆಯ ಆಮೆಯ ಹೊತ್ತಿಗೆ ಸೋತಿದೆಯೇ ಇಲ್ಲವೇ ಎಂಬುದನ್ನು ನೋಡದೆ ಅವನ ಕೈಚಳಕದ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ. ಉತ್ತಮ ಕಟ್ಟಿನಲ್ಲಿ ಎಲ್ಲ ಆಮೆಗಳೂ ಒಂದೇ ಅಳತೆಯವಾಗಿದ್ದರೂ ಅಚ್ಚೊತ್ತಿದಂತೆ ಕಾಣುವುದಿಲ್ಲ. ಒಂದರ ಕತ್ತು ತುಸು ಹೊರಳಿರುತ್ತದೆ, ಇನ್ನೊಂದರ ಕಾಲು ತುಸು ಮುಂದೆ ಚಾಚಿರುತ್ತದೆ, ಆದರೂ ಎಲೆಯನ್ನು ತೋಳಳತೆಯ ದೂರದಲ್ಲಿ ಹಿಡಿದಾಗ ಅವು ಒಂದೇ ಲಯದಲ್ಲಿ ಸಾಗುತ್ತಿರುವಂತೆ ತೋರುತ್ತವೆ. ಈ ಲಯವನ್ನು ಕಾಣಲು ಕಲಿತವರೇ ರಸಿಕರು.

ಎಲೆ ದುಂಡಗಿರುವುದರಿಂದ ಕಲಾವಿದನಿಗೆ ಎದುರಾಗುವ ಕಷ್ಟವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಇಸ್ಪೀಟಿನ ಎಲೆ ಉದ್ದನೆಯ ಚೌಕವಾದದ್ದರಿಂದ ಅದರಲ್ಲಿ ಗುರುತುಗಳನ್ನು ಕಂಬಸಾಲಿನಲ್ಲಿ ನಿಲ್ಲಿಸಿ, ಮೂಲೆಯಲ್ಲಿ ಅಂಕಿಯನ್ನು ಬರೆದುಬಿಡಬಹುದು. ಗಂಜೀಫಾ ಎಲೆಗೆ ಮೂಲೆಯೇ ಇಲ್ಲ, ಅಂಕಿಯೂ ಇಲ್ಲ. ಆಟಗಾರನು ಗುರುತುಗಳ ಜೋಡಣೆಯನ್ನು ನೋಡಿಯೇ ಸಂಖ್ಯೆಯನ್ನು ಒಂದೇ ನೋಟದಲ್ಲಿ ಗ್ರಹಿಸಬೇಕು. ಏಳರ ಎಲೆ ಎಲ್ಲಕ್ಕಿಂತ ಸಲೀಸು, ಏಕೆಂದರೆ ಒಂದೇ ಅಳತೆಯ ಏಳು ದುಂಡು ಗುರುತುಗಳಲ್ಲಿ ಒಂದನ್ನು ನಡುವೆ ಇಟ್ಟರೆ ಉಳಿದ ಆರು ಅದರ ಸುತ್ತ ಸಂದಿಲ್ಲದೆ ಕೂಡಿಕೊಳ್ಳುತ್ತವೆ. ಎಂಟು ಬಂದ ಕೂಡಲೆ ಈ ಸೌಲಭ್ಯ ಕೈತಪ್ಪುತ್ತದೆ. ನಡುವಿನ ಒಂದರ ಸುತ್ತ ಏಳನ್ನು ಹರಡಿದರೆ ಒಳಗೆ ತೆರಪು ಉಳಿಯುತ್ತದೆ, ಆ ತೆರಪನ್ನು ಮುಚ್ಚಲು ನಡುವಿನ ಗುರುತನ್ನು ದೊಡ್ಡದು ಮಾಡಿದರೆ ಆಟಗಾರನಿಗೆ ಅದು ಬೇರೆಯೇ ಎಲೆಯಂತೆ ಕಾಣುತ್ತದೆ. ಹತ್ತರಲ್ಲಿ ಎರಡನ್ನು ನಡುವೆ ಇಟ್ಟು ಎಂಟನ್ನು ಸುತ್ತ ಬರೆಯಬೇಕು, ಇಲ್ಲವೇ ಮೂರು, ನಾಲ್ಕು, ಮೂರರ ಸಾಲುಗಳಲ್ಲಿ ಅಡಕಬೇಕು. ಮೊದಲನೆಯ ಕ್ರಮದಲ್ಲಿ ಒಂಬತ್ತರೊಡನೆ ಗೊಂದಲವಾಗುತ್ತದೆ, ಎರಡನೆಯದರಲ್ಲಿ ದುಂಡು ಎಲೆಯ ಅಂಚಿನ ಸೊಗಸು ಕೆಡುತ್ತದೆ. ಮೀನಿನಂಥ ಉದ್ದನೆಯ ಗುರುತಾದರೆ ತಲೆ ಒಳಮುಖವಾಗಿರಬೇಕೇ, ಹೊರಮುಖವಾಗಿರಬೇಕೇ, ಒಂದರ ಬಾಲವನ್ನು ಇನ್ನೊಂದು ಹಿಂಬಾಲಿಸುತ್ತ ಬಲಕ್ಕೆ ಸುತ್ತಬೇಕೇ ಎಂಬ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ರಾಜನ ಎಲೆಯಲ್ಲಿ ಸಂಪ್ರದಾಯವೇ ಎಲ್ಲವನ್ನೂ ಮೊದಲೇ ತೀರ್ಮಾನಿಸಿಟ್ಟಿರುತ್ತದೆ. ಸಿಂಹಾಸನ ಎಲ್ಲಿ, ಆಯುಧ ಯಾವ ಕೈಯಲ್ಲಿ, ಪರಿಚಾರಕರು ಎಷ್ಟು ಎಂಬುದೆಲ್ಲ ದೇವರ ರೂಪವನ್ನು ವರ್ಣಿಸುವ ಧ್ಯಾನಶ್ಲೋಕದಲ್ಲೇ ಬಂದಿರುತ್ತದೆ. ಕಲಾವಿದನ ಸ್ವಂತ ಬುದ್ಧಿ ಕೆಲಸ ಮಾಡುವುದು ಎಂಟು, ಒಂಬತ್ತು, ಹತ್ತರ ಎಲೆಗಳಲ್ಲಿ. ಆದ್ದರಿಂದ ಕಟ್ಟೊಂದನ್ನು ಪರೀಕ್ಷಿಸುವವರು ಈ ಮೂರನ್ನು ಮೊದಲು ಹೊರತೆಗೆದು ಅಕ್ಕಪಕ್ಕ ಇಡಬೇಕು, ಆಮೇಲೆ ಒಂದರ ಎಲೆಯನ್ನು ನೋಡಬೇಕು, ರಾಜನನ್ನು ಕಡೆಗೆ ನೋಡಿದರೂ ನಷ್ಟವಿಲ್ಲ.

ಆಟದ ಕಡೆಯಿಂದ ನೋಡಿದರೂ ಎಣಿಕೆಯ ಎಲೆಗಳೇ ಮುಖ್ಯವೆಂಬ ಮಾತು ಅಷ್ಟೇ ಸತ್ಯ. ಗಂಜೀಫಾ ಎನ್ನುವುದು ಪ್ರತಿ ಸುತ್ತಿನಲ್ಲಿ ಎಲ್ಲರೂ ಒಂದೊಂದು ಎಲೆ ಇಳಿಸಿ, ಮೇಲಾದ ಎಲೆ ಹಾಕಿದವರು ಆ ಸುತ್ತಿನ ಎಲೆಗಳನ್ನೆಲ್ಲ ಎತ್ತಿಕೊಳ್ಳುವ ಆಟ. ಇತರ ಪಂಗಡಗಳನ್ನೆಲ್ಲ ಹೊಡೆಯಬಲ್ಲ ತುರುಪು ಇದರ ಸಾಮಾನ್ಯ ರೂಪಗಳಲ್ಲಿ ಇಲ್ಲ. ದಶಾವತಾರ ಕಟ್ಟನ್ನು ಐವರು ಆಡಿದರೆ ತಲಾ 24 ಎಲೆ ಬರುತ್ತವೆ. ಅವುಗಳಲ್ಲಿ ಸರಾಸರಿ ನಾಲ್ಕು ಮಾತ್ರ ರಾಜ ಅಥವಾ ಮಂತ್ರಿ, ಉಳಿದ ಇಪ್ಪತ್ತೂ ಎಣಿಕೆಯವು. ಆ ನಾಲ್ಕನ್ನು ಬೀಸಿ ನಾಲ್ಕು ಸುತ್ತು ಗೆಲ್ಲುವುದನ್ನು ಯಾರು ಬೇಕಾದರೂ ಮಾಡಬಹುದು. ಒಂದು ಪಂಗಡದಲ್ಲಿ ಮೇಲಿನ ಎಲೆಗಳೆಲ್ಲ ಇಳಿದುಹೋದ ಮೇಲೆ ಕೈಯಲ್ಲಿ ಉಳಿದ ಮಧ್ಯದ ಎಲೆಯೇ ಆ ಪಂಗಡದ ಒಡೆಯನಾಗುತ್ತದೆ; ಯಾವ ಎಲೆ ಯಾವಾಗ ಹೀಗೆ ಮೇಲೇರುತ್ತದೆ ಎಂಬುದನ್ನು ಇಳಿದ ಎಲೆಗಳ ನೆನಪಿನಿಂದಲೇ ಲೆಕ್ಕ ಹಾಕಬೇಕು. ಇದಕ್ಕೂ ಮಿಗಿಲಾಗಿ ಗಂಜೀಫಾದಲ್ಲಿ ಅರ್ಧ ಪಂಗಡಗಳಿಗೆ ಎಣಿಕೆಯ ಕ್ರಮ ತಿರುವುಮುರುವಾಗುತ್ತದೆ. ಮೊಘಲ್ ಕಟ್ಟಿನ ತಾಜ್, ಸಫೇದ್, ಶಂಶೇರ್, ಗುಲಾಮ್, ಅಂದರೆ ಕಿರೀಟ, ಬೆಳ್ಳಿನಾಣ್ಯ, ಕತ್ತಿ, ಸೇವಕ ಎಂಬ ನಾಲ್ಕು ಪಂಗಡಗಳಲ್ಲಿ ರಾಜ ಮತ್ತು ಮಂತ್ರಿಯ ನಂತರ ಹತ್ತು ದೊಡ್ಡದು, ಒಂದು ಕಡೆಯದು. ಚಂಗ್, ಸುರ್ಖ್, ಬರಾತ್, ಖಿಮಾಶ್, ಅಂದರೆ ತಂತಿವಾದ್ಯ, ಚಿನ್ನದ ನಾಣ್ಯ, ಆಜ್ಞಾಪತ್ರ, ಸರಕು ಎಂಬ ನಾಲ್ಕರಲ್ಲಿ ಮಂತ್ರಿಯ ನಂತರ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕಿರಿದು. ಒಂದೇ ಸಂಖ್ಯೆ ಒಂದು ಪಂಗಡದಲ್ಲಿ ಬೆಲೆಬಾಳುವುದೂ ಇನ್ನೊಂದರಲ್ಲಿ ಅಗ್ಗವೂ ಆಗುವ ಈ ಏರ್ಪಾಟನ್ನು ಅರಿಯದವರು ಎಲೆಯ ಅಂದವನ್ನು ಅರ್ಧ ಮಾತ್ರ ನೋಡಿರುತ್ತಾರೆ.

ಯುಗಾದಿಯ ಹೊಸತೊಡಕಿನ ದಿನ ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಇಸ್ಪೀಟು ಹಿಡಿದು ಕೂರುವವರಿಗೆ ಸಣ್ಣ ಎಲೆಯೇ ಆಟವನ್ನು ಗೆಲ್ಲಿಸಬಲ್ಲದೆಂಬ ಈ ತತ್ತ್ವ ಹೊಸದೇನಲ್ಲ. ಹದಿಮೂರು ಎಲೆಯ ರಮ್ಮಿಯಲ್ಲಿ ರಾಜ, ರಾಣಿ, ಗುಲಾಮರಿಗೆ ತಲಾ 10 ಅಂಕ, ಸಣ್ಣ ಎಲೆಗಳಿಗೆ ಅವುಗಳ ಸಂಖ್ಯೆಯಷ್ಟೇ ಅಂಕ. ಎದುರಾಳಿ ಆಟ ಮುಗಿಸಿದಾಗ ಕೈಯಲ್ಲಿ ಜೋಡಿಯಾಗದೆ ಉಳಿದ ಎಲೆಗಳ ಅಂಕವೆಲ್ಲ ತಲೆಯ ಮೇಲೆ ಬೀಳುತ್ತದೆ. ಹೊಸಬನು ರಾಜನನ್ನು ಬಿಡಲಾರದೆ ಹಿಡಿದು ಕುಳಿತು ದಂಡ ತೆರುತ್ತಾನೆ, ಅನುಭವಸ್ಥನು ಅದನ್ನು ಬೇಗ ಎಸೆದು ಮೂರು, ನಾಲ್ಕು, ಐದನ್ನು ಉಳಿಸಿಕೊಳ್ಳುತ್ತಾನೆ. ಹೊರದೇಶಗಳ ಹೊಸ ಆಟಗಳಲ್ಲೂ ಇದೇ ಪಾಠ ಮತ್ತೆ ಕಾಣಿಸಿಕೊಂಡಿದೆ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್ ದ ಗ್ಯಾದರಿಂಗ್ ಎಂಬ ಆಟದಲ್ಲಿ ಬಹುಪಾಲು ಎಲೆಗಳನ್ನು ಇಳಿಸಲು ಎಷ್ಟು ಶಕ್ತಿ ವ್ಯಯವಾಗುತ್ತದೆಂದು ಎಲೆಯ ಮೇಲೇ ಬರೆದಿರುತ್ತದೆ. ಡ್ರಾಫ್ಟ್ ಎಂಬ ಪದ್ಧತಿಯಲ್ಲಿ ಆಟಗಾರರು ಸುತ್ತ ಕುಳಿತು, ತಲಾ ಒಂದು ಪೊಟ್ಟಣ ಒಡೆದು, ಒಂದು ಎಲೆಯನ್ನು ಆರಿಸಿಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತ, ಕಡೆಗೆ ಕನಿಷ್ಠ 40 ಎಲೆಗಳ ಕಟ್ಟನ್ನು ಕಟ್ಟಿಕೊಳ್ಳುತ್ತಾರೆ. ಶಕ್ತಿ ಒದಗಿಸುವ ಭೂಮಿಯ ಎಲೆಗಳನ್ನೇ ಅದರಲ್ಲಿ ಸುಮಾರು 17 ಇಟ್ಟುಕೊಳ್ಳಬೇಕಾದ್ದರಿಂದ ಉಳಿಯುವುದು ಇಪ್ಪತ್ಮೂರು ಸ್ಥಾನ ಮಾತ್ರ. ಆ ಸ್ಥಾನಗಳನ್ನೆಲ್ಲ ದುಬಾರಿ ರಾಕ್ಷಸರಿಂದ ತುಂಬಿಕೊಂಡವನು ಮೊದಲ ಕೆಲವು ಸರದಿಗಳಲ್ಲಿ ಏನೂ ಇಳಿಸಲಾಗದೆ ಕೈಕಟ್ಟಿ ಕೂರುತ್ತಾನೆ; ಅಗ್ಗದ ಎಲೆಗಳನ್ನು ಸಾಕಷ್ಟು ಆರಿಸಿಕೊಂಡವನು ಅಷ್ಟರಲ್ಲೇ ಆಟವನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತಾನೆ. ಇಂಥ ಎಲೆಗಳನ್ನು ಕೂಡಿಸುವ ಮಕ್ಕಳಿರುವ ಮನೆಯಲ್ಲಿ ಗಂಜೀಫಾವನ್ನು ವಿವರಿಸುವುದು ಹಿರಿಯರು ಅಂದುಕೊಂಡಿರುವುದಕ್ಕಿಂತ ಸುಲಭ.

ಕಣ್ಣನ್ನು ಹದಗೊಳಿಸುವ ವಿಚಾರಕ್ಕೆ ಬಂದರೆ, ಮೊದಲು ಹೋಗಬೇಕಾದ ಸ್ಥಳ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಸಚಿತ್ರ ಗ್ರಂಥ ಒಂಬತ್ತು ನಿಧಿಗಳಾಗಿ, ಅಂದರೆ ಭಾಗಗಳಾಗಿ, ವಿಂಗಡಿಸಲ್ಪಟ್ಟಿದ್ದು, ಅದರ ಕೌತುಕನಿಧಿಯಲ್ಲಿ ಎಲೆಯಾಟಗಳ ವಿವರಣೆಯಿದೆ. ಅದೇ ಗ್ರಂಥದಲ್ಲಿ ಗಣಪತಿಯ ಮೂವತ್ತೆರಡು ರೂಪಗಳ ಚಿತ್ರಗಳೂ ಇವೆ. ಅದೇ ಅರಸರ ಅಪೇಕ್ಷೆಯಂತೆ, ಸುಮಾರು ಅದೇ ಕಾಲದಲ್ಲಿ, ಆ ಮೂವತ್ತೆರಡು ರೂಪಗಳು ನಂಜನಗೂಡಿನಲ್ಲಿಯೂ ಚಾಮರಾಜನಗರದಲ್ಲಿಯೂ ಶಿಲೆಯಲ್ಲಿ ಮೂಡಿದವು. ಹೀಗಾಗಿ ಮೈಸೂರಿನ ಎಲೆಗಳ ಹಿಂದಿರುವ ಕಲ್ಪನೆ ನಂಜನಗೂಡಿನಲ್ಲಿ ಕಲ್ಲಿನಲ್ಲೇ ನೋಡಲು ಸಿಗುತ್ತದೆ. ಜಾತ್ರೆಗೆ ಬಂದವರು ಐದು ಮುಖದ ಹೇರಂಬನ ಮುಂದೆ ಕೈಮುಗಿದು ನಿಂತು, ಉಳಿದವರನ್ನು ಸಾಲುಗೊಂಬೆಗಳೆಂಬಂತೆ ದಾಟಿಹೋಗುತ್ತಾರೆ. ಆದರೆ ಬಾಲಗಣಪತಿಯನ್ನೂ ಭಕ್ತಗಣಪತಿಯನ್ನೂ ಒಂದಾದ ಮೇಲೊಂದರಂತೆ ನೋಡಬೇಕು. ಧ್ಯಾನಶ್ಲೋಕದ ಪ್ರಕಾರ ಮೊದಲನೆಯವನ ಕೈಗಳಲ್ಲಿ ಬಾಳೆ, ಮಾವು, ಹಲಸು, ಕಬ್ಬು. ಎರಡನೆಯವನ ಕೈಗಳಲ್ಲಿ ತೆಂಗು, ಮಾವು, ಬಾಳೆ, ಪಾಯಸದ ಪಾತ್ರೆ. ಎರಡು ಹಣ್ಣುಗಳು ಇಬ್ಬರಿಗೂ ಸಮಾನ, ಉಳಿದೆರಡರ ವ್ಯತ್ಯಾಸದಿಂದಲೇ ದೇವರು ಬೇರೆಯಾಗುತ್ತಾನೆ. ಈ ಕೈಪಿಡಿಯ ಲೇಖಕನಿಗೆ ಎಣಿಕೆಯ ಎಲೆಗಳ ರುಚಿ ಹತ್ತಿದ್ದು ಈ ಸಾಲಿನ ಮುಂದೆಯೇ. ಸರಣಿಯಲ್ಲಿ ಇಟ್ಟು ನೋಡದ ಹೊರತು ಒಂದು ಮೂರ್ತಿಯೂ ಪೂರ್ತಿಯಾಗಿ ಕಾಣುವುದಿಲ್ಲವೆಂಬುದು ಅಲ್ಲಿ ತಿಳಿದ ಮೇಲೆ ಬಿಡಿ ಎಲೆಗಳ ಮೇಲಿನ ಮೋಹ ತಾನಾಗಿಯೇ ಹೋಯಿತು.

ಎರಡನೆಯ ಸ್ಥಳ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅಲ್ಲಿಯ ಪ್ರಸಿದ್ಧಿ ಇನ್ನಷ್ಟು ಬೆಳೆದಿದೆ. ನೋಡುಗರು ಗೋಡೆಯ ದೊಡ್ಡ ವಿಗ್ರಹಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಮಲ್ಲಿತಮ್ಮನೆಂಬ ಶಿಲ್ಪಿ ತನ್ನ ಹೆಸರನ್ನು ಕೆತ್ತಿಕೊಂಡದ್ದನ್ನು ಮಾರ್ಗದರ್ಶಿಗಳು ತೋರಿಸುತ್ತಾರೆ. ಗಂಜೀಫಾ ಕಲಿಯುವವರು ಅಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ತೀರ ಕೆಳಗಿನ ಆನೆಗಳ ಸಾಲನ್ನು ನೋಡಬೇಕು. ಒಂದೇ ಎತ್ತರ, ಒಂದೇ ದಿಕ್ಕು, ಒಂದೇ ನಡೆ. ಸೊಂಡಿಲಿನ ತಿರುವು ಮಾತ್ರ ಆನೆಯಿಂದ ಆನೆಗೆ ಬದಲಾಗುತ್ತದೆ. ಆ ಸಾಲಿನಲ್ಲಿ ಹತ್ತು ಹೆಜ್ಜೆ ಕುಳಿತು ಸರಿದವರಿಗೆ ಹತ್ತರ ಎಲೆಯನ್ನು ಮತ್ತೆ ವಿವರಿಸಬೇಕಾಗುವುದಿಲ್ಲ. ಅಲ್ಲಿಂದ ಹಿಂತಿರುಗುವಾಗ ಕಾವೇರಿ, ಕಪಿಲೆ ಕೂಡುವ ನರಸೀಪುರದಲ್ಲಿ ಗುಂಜಾ ನರಸಿಂಹನನ್ನೂ ನೋಡಬಹುದು. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕದಷ್ಟು ಹೆಚ್ಚೆಂಬ ನಂಬಿಕೆಯನ್ನು ಸೂಚಿಸಲು ದೇವರು ಬೆರಳುಗಳ ನಡುವೆ ಗುಲಗಂಜಿಯನ್ನು ಹಿಡಿದಿದ್ದಾನೆ.

ಮುಮ್ಮಡಿ ಕೃಷ್ಣರಾಜ ಒಡೆಯರೇ ರೂಪಿಸಿದ ಛದ ಎಂಬ ಎಲೆಯಾಟಗಳ ಬಗ್ಗೆ ಸಂಕ್ಷೇಪವಾಗಿ ಹೇಳಿದರೆ ಸಾಕು. ಕೌತುಕನಿಧಿಯಲ್ಲಿ ಇಂಥ ಹದಿಮೂರು ಆಟಗಳಿದ್ದು, ಅವುಗಳ ಕಟ್ಟುಗಳು 360 ಎಲೆಗಳವರೆಗೆ ಬೆಳೆಯುತ್ತವೆ. ಚಾಮುಂಡೇಶ್ವರಿ ಛದಕ್ಕೆ 320 ಎಲೆಗಳು. ಹಲವು ಛದಗಳ ಪಂಗಡದಲ್ಲಿ ಹನ್ನೆರಡು ಎಣಿಕೆಯ ಎಲೆಗಳೂ ಆರು ಚಿತ್ರದ ಎಲೆಗಳೂ ಇರುವುದಲ್ಲದೆ, ಸ್ಥಿರವಾದ ತುರುಪು ಮತ್ತು ಜೋಕರಿನಂಥ ಎಲೆಗಳೂ ಉಂಟು. ಅರಸರ ಪ್ರತಿಭೆಯನ್ನು ಮೆಚ್ಚುತ್ತಲೇ ಒಂದು ಮಾತು ಹೇಳಬೇಕಾಗಿದೆ: ಚಿತ್ರದ ಎಲೆಗಳನ್ನು ಎರಡರಿಂದ ಆರಕ್ಕೆ ಏರಿಸಿದ್ದರಿಂದ ನೋಟಕ್ಕೆ ವೈಭವ ಬಂದಿತಾದರೂ ಆಟ ಭಾರವಾಯಿತು. ಈ ಆಟಗಳು ಅರಮನೆಯ ಆಚೆಗೆ ಹರಡಿದಂತೆ ಕಾಣುವುದಿಲ್ಲ. ಅದೇ ಕಾಲಕ್ಕೆ ಸರಳವಾದ ದಶಾವತಾರ ಕಟ್ಟು ಒಡಿಶಾ, ಬಂಗಾಳ, ಮಹಾರಾಷ್ಟ್ರಗಳಲ್ಲಿ ಜನರ ಕೈಯಲ್ಲಿ ಬಾಳಿತು. ಆದರೂ ಹನ್ನೆರಡರ ಎಲೆಯಲ್ಲಿ ಮೂರನ್ನು ನಡುವೆ, ಒಂಬತ್ತನ್ನು ಸುತ್ತ ಜೋಡಿಸಿದಾಗ ಸಿಗುವ ತುಂಬುನೋಟ ಛದವನ್ನು ಬಿಟ್ಟರೆ ಹನ್ನೆರಡು ಎಲೆಗಳ ಪಂಗಡದಲ್ಲಿ ಸಿಗಲಾರದು. ಈ ಆಟಗಳನ್ನು ಕುರಿತು ಗಂಭೀರವಾಗಿ ಬರೆದವರು ಭಾರತದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್.

ಕಲಾವಿದ ಗಂಜೀಫಾ ರಘುಪತಿ ಭಟ್ಟರ ಶ್ರಮದಿಂದ ಈ ಚಿತ್ರಕಲೆಗೆ ಮೈಸೂರು ಸೀಮೆಯಲ್ಲಿ ಮರುಜೀವ ಬಂದಿತು, ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾಕೌಶಲ್ಯವೆಂಬ ಹೆಸರಿನಲ್ಲಿ ಏರ್ಪಡಿಸುತ್ತ ಬಂದಿರುವ ಪ್ರದರ್ಶನಗಳಲ್ಲಿ ಚೌಕಾಬಾರ, ಪಗಡೆ ಮುಂತಾದ ಹಳೆಯ ಆಟಗಳ ಸಾಮಗ್ರಿಯನ್ನು ನೋಡಬಹುದು, ಕೊಳ್ಳಲೂಬಹುದು. ನಂಜನಗೂಡಿನಿಂದ ಮೈಸೂರಿಗೆ ಗಂಟೆಯೊಳಗಿನ ಪ್ರಯಾಣವಾದ್ದರಿಂದ ಅಂಥ ಪ್ರದರ್ಶನವನ್ನು ತಪ್ಪಿಸಿಕೊಳ್ಳಲು ಕಾರಣವಿಲ್ಲ.

ಕೈಯಲ್ಲಿರುವ ಹಣಕ್ಕೆ ಚಿನ್ನದ ರೇಕಿನ ಒಂದು ರಾಜನ ಎಲೆಯೂ ಬರಬಹುದು, ಸಾದಾ ಕಾಗದದ ಪೂರ್ತಿ ಕಟ್ಟೂ ಬರಬಹುದು ಎಂಬ ಸಂದರ್ಭದಲ್ಲಿ ಕಟ್ಟನ್ನೇ ಕೊಳ್ಳಬೇಕು. ಕೊಳ್ಳುವ ಮೊದಲು ಯಾವುದಾದರೊಂದು ಪಂಗಡದ ಎಂಟು, ಒಂಬತ್ತು, ಹತ್ತರ ಎಲೆಗಳನ್ನು ಕೇಳಿ ನೋಡಬೇಕು. ಅವು ಇಲ್ಲವೆಂದೋ, ಅವನ್ನು ಬರೆಯುವುದಿಲ್ಲವೆಂದೋ ಹೇಳುವ ಅಂಗಡಿಯಲ್ಲಿ ರಾಜನನ್ನೂ ಕೊಳ್ಳಬಾರದು.